ಟೇಪಿಗೆ ಬೇರೆ ಬಿಲ್ಲು

ಸೇವಂತಿ ದಾದರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿನ ಒದ್ದೆ ಗೋಣಿಯ ಮೇಲೆ ಹೋಗಿ ಕೂತ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಬೆಳಿಗ್ಗೆ ಏಳು ಗಂಟೆ. ಯಾವನೋ ಹಮಾಲ ಒಣಮೆಣಸಿನಕಾಯಿ ಮೂಟೆಯನ್ನು ನಮ್ಮ ಮೂಗಿನ ಮುಂದೆಯೇ ತಂದು ಕುಕ್ಕಿದ. ನಾನು ಒಂದು ಸಲ ಸೀನಿದೆ. ಸೇವಂತಿ ಒಂದರ ಹಿಂದೊಂದು ಆರು ಸಲ ಸೀನಿದಳು. ಆರನೆಯದಕ್ಕೆ ಅವಳ ಮುಖ ಬಿಳಚಿತು. ಆಚೀಚೆ ನೋಡಿದಳು. ಸೀದಾ ಹೋಗಿ, ನೀರು ಸೋರುತ್ತಿದ್ದ ಆ ಗೋಣಿಯ ಮೇಲೆ, ಅದರ ಮೇಲಿದ್ದ ಸೊಪ್ಪಿನ ಸಮೇತ ಕೂತುಬಿಟ್ಟಳು.

ಸೊಪ್ಪಿನವಳು ಮರಾಠಿಯಲ್ಲಿ ಅವಳ ಮೂರು ತಲೆಮಾರನ್ನು ಎತ್ತಿ ಆಡಿದಳು. ಸೇವಂತಿ ಅಲುಗಲಿಲ್ಲ.

"ಯಾಕ ಸೇವಂತಿ, ತಲಿ ಸುತ್ತಿತೇನ? ಏಳವಾ, ಸೀರಿ ಎಲ್ಲಾ ತೊಯ್ದು ತೊಪ್ಪಿ ಆಗಾಕತ್ತೈತಿ" ಎಂದೆ.

"ತೊಯ್ಲಿ ಟೀಚರ್. ತೊಯ್ಲಿಕ್ಕೇ ಕೂತದ್ದು ನಾನು" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಹೆಂಗಸು, ಅರವತ್ಮೂರು ವರ್ಷದವಳು, ನನಗೆ ಇನ್ನೇನೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವಳ ಪರ್ಸಿನಿಂದ ನಾನೇ ದುಡ್ಡು ತೆಗೆದು ಅವಳು ಕೂತಿದ್ದ ಹದಿನೆಂಟು ಕಟ್ಟು ಕೊತ್ತಂಬರಿಯನ್ನೂ ಕೊಂಡೆ. ಆಮೇಲೆ ಇಬ್ಬರೂ ಬಸ್ ಹತ್ತಿದೆವು. ಹಿಂದಿನಿಂದ ಒದ್ದೆಯಾಗಿದ್ದ ಸೀರೆಯನ್ನು ನೋಡಿದವರಿಗೆಲ್ಲ ಅವರು ಕೇಳುವ ಮೊದಲೇ ಸೇವಂತಿ ಸೊಪ್ಪಿನ ನೀರು ಎಂದು ಹೇಳುತ್ತಿದ್ದಳು, "ಭಾಜಿ ಕಾ ಪಾನಿ ಹೈ, ಭಾಜಿ ಕಾ."

ನಾನು ಕಾಶವ್ವ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳ ಕಿವಿ ಹಿಂಡಿ, ನಿವೃತ್ತಿಯಾಗಿ, ಈಗ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಕೂತು ಊರವರ ಉಸಾಬರಿ ಮಾಡುತ್ತಿದ್ದೇನೆ. ಹುಟ್ಟಿದ್ದು ಬಿಜಾಪುರದ ಕಡೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸೇವಂತಿಯದು ಎರಡನೇ ಮಾಳಿಗೆ. ಕಾಪು ಕಡೆಯವಳು, ಇಪ್ಪತ್ತೆರಡಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು, ಈಗ ನಲವತ್ತೊಂಬತ್ತು. ಅವಳ ಗಂಡ ಸದಾನಂದನದು ರಸ್ತೆಯ ಮೂಲೆಯಲ್ಲಿ ಉಡುಪಿ ಹೋಟೆಲು. ಕೆಳಗೆ ಹತ್ತು ಟೇಬಲ್, ಮರದ ಮೆಟ್ಟಿಲು ಹತ್ತಿದರೆ ಮೇಲೆ ನಾಲ್ಕು ಟೇಬಲ್ಲಿನ ಎಸಿ. ಸದಾನಂದ ಗಲ್ಲಾದ ಮೇಲೆ ಕೂತು ಬಂದವರಿಗೆಲ್ಲ ನಮಸ್ಕಾರ ಹಾಕುತ್ತಾನೆ. ಹೋಟೆಲು ನಡೆಸುವವಳು ಇವಳು. ಇಪ್ಪತ್ತೈದು ವರ್ಷ ದಿನಾ ಬೆಳಗ್ಗೆ ದೋಸೆಹಿಟ್ಟಿನ ಪಾತ್ರೆ ಎತ್ತಿ ಇಳಿಸಿದವಳೂ ಇವಳೇ. ಮಗಳು ನಿಖಿತಾ ಹುಟ್ಟುವಾಗ ನಾಲ್ಕು ಕಿಲೋ ಇನ್ನೂರು ಗ್ರಾಮ್ ಇದ್ದಳಂತೆ. ಅಷ್ಟು ದಪ್ಪದ ಮಗುವನ್ನು ಹೆತ್ತು, ಮೂರನೇ ವಾರಕ್ಕೆ ಹಿಟ್ಟಿನ ಪಾತ್ರೆ ಎತ್ತಿದರೆ ಒಳಗಿನ ನಟ್ಟು ಬೋಲ್ಟು ಸಡಿಲಾಗದೆ ಇನ್ನೇನಾದೀತು?

ಬಸ್ಸಿನಲ್ಲಿ ಅವಳು ಪಿಸುಗುಟ್ಟಿದಳು. "ಸೀನಿದ್ರೆ ಹೋಗ್ತದೆ ಟೀಚರ್. ಕೆಮ್ಮಿದ್ರೆ ಹೋಗ್ತದೆ. ನಗಾಡಿದ್ರೂ ಹೋಗ್ತದೆ. ಹಿಟ್ಟಿನ ಪಾತ್ರೆ ಎತ್ತಿದ್ರಂತೂ ಕೇಳೂದೇ ಬೇಡ."

"ಎಷ್ಟ ದಿನಾ ಆತು?"

"ನಾಲ್ಕು ವರ್ಷ."

"ನಾಕ ವರ್ಷ! ಸದಾನಂದಗ ಗೊತ್ತೈತೇನ?"

"ಅಯ್ಯೋ ದೇವ್ರೇ, ಬೇಡ ಮಾರಾಯ್ರೆ! ಅವರಿಗೆ ಗೊತ್ತಾದ್ರೆ ನಾನು ಈ ಬಸ್ಸಿನಡಿಗೆ ಬಿದ್ದು ಸಾಯ್ತೇನೆ."

ಗಂಡನಿಗೆ ಅವಳು ಹೇಳಿದ್ದು ಬೆನ್ನು ನೋವು ಎಂದು. ನೆಲದ ಮೇಲೆ ಮಲಗಬೇಕಂತೆ, ಡಾಕ್ಟರು ಹೇಳಿದ್ದಾರಂತೆ. ನಾಲ್ಕು ವರ್ಷದಿಂದ ಸದಾನಂದ ಒಳಗೆ ಮಂಚದ ಮೇಲೆ, ಇವಳು ಹೊರಗೆ ಹಾಲ್‌ನಲ್ಲಿ ಮಗಳ ಪಕ್ಕ ಚಾಪೆ ಹಾಸಿಕೊಂಡು. ಪ್ಯಾಡು ಕೊಳ್ಳಲು ನಮ್ಮ ಗಲ್ಲಿಯ ಮೆಡಿಕಲ್ಲಿಗೆ ಹೋಗುವಂತಿಲ್ಲ, ಅಂಗಡಿಯವನು ದಿನಾ ಇವರ ಹೋಟೆಲಿನಲ್ಲಿ ಚಹಾ ಕುಡಿಯುವವನು. ಅದಕ್ಕೆ ಧಾರಾವಿಯ ಒಳಗಿನ ಯಾವುದೋ ಅಂಗಡಿಗೆ ಹೋಗಿ, ಪೇಪರಿನಲ್ಲಿ ಸುತ್ತಿಸಿಕೊಂಡು, ಬೇಳೆಯ ಚೀಲದ ಅಡಿಯಲ್ಲಿಟ್ಟು ತರುತ್ತಿದ್ದಳು.

ಇಳಿಯುವ ಸ್ಟಾಪ್ ಬಂದಾಗ ಅವಳು ನನ್ನ ಕೈ ಹಿಡಿದು, "ನಿಜ ಹೇಳಿ ಟೀಚರ್, ನನ್ನ ಹತ್ರ ಬಂದ್ರೆ ವಾಸನೆ ಬರ್ತದಾ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕಂಡಕ್ಟರನಿಗೆ ಬೈದೆ.

ಮರುದಿನವೇ ಅವಳನ್ನು ಎಳೆದುಕೊಂಡು ದೊಡ್ಡ ಮುನ್ಸಿಪಾಲ್ಟಿ ಆಸ್ಪತ್ರೆಗೆ ಹೋದೆ. ಹತ್ತು ರೂಪಾಯಿಯ ಕೇಸ್‌ಪೇಪರು ಮಾಡಿಸಿ ಮೂರು ತಾಸು ಬೆಂಚಿನ ಮೇಲೆ ಕೂತೆವು. ಒಳಗಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಆದರೆ ಗಂಟಲು ಮಾತ್ರ ನನ್ನದರ ಹಾಗೆಯೇ. "ಖಾಸೋ ಆಂಟೀ, ಜೋರ್ ಸೇ ಖಾಸೋ!" ಎಂದು ಕೂಗಿದಳು. ಪರದೆಯಾಚೆ ಕೂತಿದ್ದ ಹದಿನೈದು ಹೆಂಗಸರೂ ಕಿವಿ ನೆಟ್ಟಗೆ ಮಾಡಿದರು. ಸೇವಂತಿ ಕೆಮ್ಮಿದಳು. ಡಾಕ್ಟರಮ್ಮ ನೋಡಬೇಕಾದ್ದನ್ನು ನೋಡಿ, "ಹೋ ಗಯಾ, ಬಸ್" ಎಂದಳು. ಪರದೆಯಾಚೆಯಿಂದ ಇನ್ನೂ ಮೂರ್ನಾಲ್ಕು ಕೆಮ್ಮು ಕೇಳಿಸಿದವು. ಎಲ್ಲರೂ ತಮ್ಮ ತಮ್ಮದನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ನಾನೂ ಸಣ್ಣಗೆ ಕೆಮ್ಮಿ ನೋಡಿದೆ. ನನ್ನ ವಿಷಯ ಇಲ್ಲಿ ಬೇಡ.

ಡಾಕ್ಟರಮ್ಮ ಮೊದಲು ವ್ಯಾಯಾಮ ಹೇಳಿದಳು. ಮೂತ್ರ ಬಂದಾಗ ತಡೆದು ಹಿಡಿಯುತ್ತೀರಲ್ಲ, ಅದೇ ಜಾಗವನ್ನು ಬಿಗಿ ಮಾಡಿ ಹತ್ತು ಎಣಿಸಿ, ಬಿಡಿ. ದಿನಕ್ಕೆ ಮೂರು ಸಲ, ಮೂರು ತಿಂಗಳು. ಇದಕ್ಕೆ ನಯಾ ಪೈಸೆ ಖರ್ಚಿಲ್ಲ ಎಂದಳು. ಸೇವಂತಿಗೆ ಹೋಟೆಲಿನ ಗದ್ದಲದಲ್ಲಿ ನೆನಪಿರುವುದಿಲ್ಲ. ಅದಕ್ಕೆ ದಿನಾ ನಾನೇ ಫೋನು ಮಾಡಿ ನೆನಪಿಸಿದೆ, ಶನಿವಾರದ್ದನ್ನು ನಮ್ಮ ಭಜನೆಗೆ ಗಂಟು ಹಾಕಿದೆವು. ತಾಳ ಬಿದ್ದಾಗ ಬಿಗಿ, ಚರಣ ಮುಗಿದಾಗ ಸಡಿಲ. ಎರಡನೇ ವಾರಕ್ಕೆ ಪಕ್ಕದ ಮಲ್ಲಕ್ಕ, "ಅಲ್ರೀ ಟೀಚರ, ಸೇವಂತಿ ಭಜನ್ಯಾಗ ಎಷ್ಟ ತಲ್ಲೀನ ಆಗತಾಳ, ಮಾರಿ ನೋಡ್ರಿ ಹೆಂಗ ಬಿಗಿ ಆಗೇತಿ" ಎಂದಳು. ಸೇವಂತಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಆ ದಿನದ ವ್ಯಾಯಾಮ ನೀರುಪಾಲಾಯಿತು.

ಮೂರು ತಿಂಗಳ ಮೇಲೆ ಕಾಲು ಭಾಗ ಗುಣವಾಗಿತ್ತು, ಮುಕ್ಕಾಲು ಉಳಿದಿತ್ತು. ಡಾಕ್ಟರಮ್ಮ ಈ ಸಲ ಆಪರೇಶನ್ನುಗಳ ವಿಚಾರ ಬಿಡಿಸಿ ಹೇಳಿದಳು. ಒಂದು, ಟೇಪು. ಮೂತ್ರನಾಳದ ಕೆಳಗೆ ಬೆರಳಗಲದ ಜಾಳಿಗೆಪಟ್ಟಿ ಹಾಕಿ ಎತ್ತಿ ಹಿಡಿಯುವುದು, ಅರ್ಧ ತಾಸಿನ ಕೆಲಸ, ಮರುದಿನ ಮನೆಗೆ. ಎರಡು, ಅದೇ ಪಟ್ಟಿಯನ್ನು ಹೊರಗಿನಿಂದ ಕೊಳ್ಳದೆ ನಮ್ಮದೇ ಹೊಟ್ಟೆಯ ಒಳಪದರದಿಂದ ಕತ್ತರಿಸಿ ಹಾಕುವುದು. ಟೇಪಿನ ದುಡ್ಡು ಉಳಿಯುತ್ತದೆ, ಆದರೆ ಹೊಟ್ಟೆಗೆ ಹೊಲಿಗೆ, ನಾಲ್ಕೈದು ದಿನ ಹಾಸಿಗೆ. ಮೂರು, ಸಣ್ಣ ತೂತಿನಿಂದ ಹೊಟ್ಟೆಯೊಳಗೆ ದುರ್ಬೀನು ಹಾಕಿ ಮೂತ್ರಕೋಶದ ಕುತ್ತಿಗೆಯನ್ನು ಹೊಲಿಗೆಯಿಂದ ಮೇಲೆ ಕಟ್ಟುವುದು, ಅದು ಉದ್ದದ ಆಪರೇಶನ್. ನಾಲ್ಕು, ಇಂಜೆಕ್ಷನ್. ಅದು ಅಗ್ಗ, ಬೆಳಿಗ್ಗೆ ಬಂದು ಸಂಜೆ ಹೋಗಬಹುದು, ಆದರೆ ವರ್ಷ ಎರಡು ವರ್ಷಕ್ಕೆ ಮತ್ತೆ ಚುಚ್ಚಬೇಕಾದೀತು. ಟೇಪು ಕೂಡ ಸಾವಿರದಲ್ಲಿ ಕೆಲವರಿಗೆ ತೊಂದರೆ ಕೊಡುತ್ತದೆ, ಅದನ್ನು ತಿಳಿದುಕೊಂಡೇ ಒಪ್ಪಿ ಎಂದಳು. ಚಿನ್ನದಂಥ ಹುಡುಗಿ.

"ಇಲ್ಲೇ ಮಾಡಿಸಿಕೊಳ್ಳವಾ, ಪುಕ್ಕಟೆ ಆಗತೈತಿ" ಎಂದೆ ನಾನು.

ಆದರೆ ಸರತಿ ಎಂಟು ತಿಂಗಳಾಚೆ ಇತ್ತು. ಪ್ರಾಣಕ್ಕೆ ಕುತ್ತು ಬಂದವರು ಮೊದಲು, ಅದು ನ್ಯಾಯವೇ. ಸೇವಂತಿಯ ತಕರಾರು ಬೇರೆಯೇ ಇತ್ತು. "ಆ ವಾರ್ಡ್‌ಬಾಯ್‌ನನ್ನು ನೋಡಿದ್ರಾ? ದಿನಾ ನಮ್ಮಲ್ಲಿಗೆ ಇಡ್ಲಿ ತಿನ್ಲಿಕ್ಕೆ ಬರುವವ. ನಾನಿಲ್ಲಿ ಮಲಗಿದ್ರೆ ಆ ಸಂಜೆಯೇ ಗಲ್ಲಾದ ಎದುರು ನಿಂತು, ಸೇಠ್, ಭಾಭಿ ಕೈಸಿ ಹೈ ಅಂತಾನೆ."

ಹಾಗಾಗಿ ಖಾಸಗಿ ಆಸ್ಪತ್ರೆಗಳ ಮೆಟ್ಟಿಲು ಹತ್ತಿದೆವು. ದುಡ್ಡಿಗೆ ದಾರಿ ಇತ್ತು. ನಾವು ಎಂಟು ಹೆಂಗಸರು ತಿಂಗಳಿಗೆ ಹತ್ತು ಸಾವಿರ ಹಾಕಿ ಭಿಶಿ ನಡೆಸುತ್ತೇವೆ, ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬರಿಗೆ ಪೂರ್ತಿ ಎಂಬತ್ತು ಸಾವಿರ. ಆ ತಿಂಗಳು ಸೇವಂತಿಯ ಹೆಸರು ಬಂದಿತ್ತು. ಎಂಬತ್ತು ಸಾವಿರದಲ್ಲಿ ಸದಾನಂದನಿಗೆ ತಿಳಿಯದಂತೆ ಕೆಲಸ ಮುಗಿಯಬೇಕು, ಅದು ಅವಳ ಷರತ್ತು.

ಸದಾನಂದನ ಹೆಸರಿನಲ್ಲಿ ಮನೆಯವರಿಗೆಲ್ಲ ಸೇರಿ ಮೆಡಿಕ್ಲೇಮ್ ಪಾಲಿಸಿ ಇದೆ. ಅದನ್ನು ಬಳಸು ಎಂದರೆ ಕಣ್ಣರಳಿಸಿದಳು. "ಕ್ಲೇಮ್ ಹಾಕಿದ್ರೆ ಮೆಸೇಜು ಅವರ ಮೊಬೈಲಿಗೆ ಹೋಗ್ತದೆ ಟೀಚರ್!" ವರ್ಷ ವರ್ಷ ಕಂತು ಕಟ್ಟಿದ ಪಾಲಿಸಿ ಕಪಾಟಿನಲ್ಲಿ, ಕಟ್ಟಿದವನ ಹೆಂಡತಿ ಭಿಶಿಯ ದುಡ್ಡು ಹಿಡಿದು ಬೀದಿಯಲ್ಲಿ. ಇಂಥವರನ್ನು ಏನು ಮಾಡಬೇಕು ಹೇಳಿ?

ದಾದರ್ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಸೋಫಾದ ಮೇಲೆ ಕೂರಿಸಿ ಒಂದು ಹಾಳೆ ಕೊಟ್ಟಳು. ಟೇಪಿನ ಆಪರೇಶನ್ನು ಜನರಲ್ ವಾರ್ಡಾದರೆ ಒಂದು ಲಕ್ಷ ಹದಿನೈದು ಸಾವಿರ, ಇಬ್ಬರ ರೂಮಾದರೆ ಒಂದು ನಲವತ್ತೈದು, ಒಬ್ಬರದಾದರೆ ಒಂದು ಎಂಬತ್ತೈದು, ಡೀಲಕ್ಸ್ ಎರಡು ಮೂವತ್ತು. ನಾನು ಚೀಲ ಎತ್ತಿಕೊಂಡು ಏಳಲು ಹೋದೆ. ಸೇವಂತಿ ಮಾತ್ರ ಹಾಳೆಯನ್ನು ದಿನಸಿಯವನ ಬಿಲ್ಲಿನಂತೆ ಸಾಲು ಸಾಲಾಗಿ ಓದಿದಳು. ಡೀಲಕ್ಸಿನಲ್ಲಿ ಮಲಗಿದರೆ ಡಾಕ್ಟರರ ಫೀಸೂ ದುಪ್ಪಟ್ಟು, ಅರಿವಳಿಕೆಯವರ ಫೀಸೂ ದುಪ್ಪಟ್ಟು.

"ರೂಮ್ ಬದಲಾದ್ರೆ ಡಾಕ್ಟರ್ ಬದಲಾಗ್ತಾರಾ?" ಎಂದು ಅವಳು ಹಿಂದಿಯಲ್ಲಿ ಕೇಳಿದಳು.

"ಇಲ್ಲ ಮ್ಯಾಡಮ್, ಡಾಕ್ಟರ್ ಅವರೇ."

"ಆಪರೇಶನ್ ಕೋಣೆ?"

"ಅದೂ ಒಂದೇ."

"ಕತ್ತರಿ ಚೂರಿ?"

ಹುಡುಗಿ ಸುಮ್ಮನೆ ನಕ್ಕಳು. ಸೇವಂತಿ ನನ್ನ ಕಡೆ ತಿರುಗಿದಳು. "ಗೊತ್ತಾಯ್ತಾ ಟೀಚರ್? ನಮ್ಮ ಮೇಲಿನ ಎಸಿ ಇದ್ದ ಹಾಗೆ. ಕೆಳಗೆ ಮಸಾಲೆದೋಸೆ ತೊಂಬತ್ತು, ಮೇಲೆ ನೂರಿಪ್ಪತ್ತು. ಅದೇ ಕಾವಲಿ, ಅದೇ ಭಟ್ಟ, ಅದೇ ಬಟಾಟೆ. ಯಾರಾದ್ರೂ ಕೇಳಿದ್ರೆ ನಾವೂ ಹೀಗೇ ನಗಾಡುದು." ಅವಳಿಗೆ ಆ ಹುಡುಗಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೊರಡುವಾಗ ಹೋಟೆಲಿನ ಕಾರ್ಡು ಕೊಟ್ಟು ಊಟಕ್ಕೆ ಬಾ ಎಂದು ಕರೆದಳು.

ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನಾನು ಗೆರೆ ಎಳೆದೆ. ಶಾಲೆಯಲ್ಲಿ ಮಾರ್ಕ್ಸ್ ಶೀಟ್ ಬರೆದ ಕೈ. ಮೇಲೆ ಆಪರೇಶನ್ನುಗಳ ಹೆಸರು, ಪಕ್ಕದಲ್ಲಿ ಆಸ್ಪತ್ರೆಗಳು, ಎಷ್ಟು ದಿನ ಹಾಸಿಗೆ, ಎಷ್ಟು ದಿನ ಭಾರ ಎತ್ತಬಾರದು. ಎರಡು ವಾರ ಫೋನು ಮಾಡಿ ಮಾಡಿ ಚೌಕಗಳನ್ನು ತುಂಬಿದೆವು. ಇಂಜೆಕ್ಷನ್ ನಲವತ್ತು ಸಾವಿರಕ್ಕೆ ಸಿಕ್ಕಿತು. ಸೇವಂತಿಯ ಕಣ್ಣು ಅಲ್ಲಿಗೇ ಹೋಯಿತು.

"ಇದೇ ಸಾಕು ಟೀಚರ್, ಅರ್ಧಕ್ಕರ್ಧ."

"ಎರಡ ವರ್ಷಕ್ಕ ಮತ್ತ ನಲವತ್ತ, ಮತ್ತೆರಡ ವರ್ಷಕ್ಕ ಮತ್ತ ನಲವತ್ತ. ನಿನಗ ಎಪ್ಪತ್ತ ವರ್ಷ ಆಗೂತನಾ ಚುಚ್ಚಿಸಿಕೊಂತಿಯೇನ? ಲೆಕ್ಕಾ ಹಾಕ ಮೊದಲ!"

ಲೆಕ್ಕ ಹಾಕಿದಳು. ನಾಲ್ಕು ಲಕ್ಷ ದಾಟಿತು. ಪೆನ್ನು ಕೆಳಗಿಟ್ಟು, "ಹಾಗಾದ್ರೆ ಏನೂ ಬೇಡ. ನಾಲ್ಕು ವರ್ಷ ಹೋದ ಹಾಗೆ ಇನ್ನೂ ಹೋಗ್ತದೆ" ಎಂದಳು.

ಆಗ ನನಗೆ ಸಿಟ್ಟು ನೆತ್ತಿಗೇರಿತು. ಪಟ್ಟಿಯ ಕೆಳಗೆ ಇನ್ನೊಂದು ಸಾಲು ಎಳೆದು, 'ಏನೂ ಮಾಡದಿದ್ದರೆ' ಎಂದು ಬರೆದೆ. ಪ್ಯಾಡಿಗೆ ತಿಂಗಳಿಗೆ ಒಂಬೈನೂರು, ವರ್ಷಕ್ಕೆ ಹತ್ತು ಸಾವಿರದ ಎಂಟುನೂರು, ನಾಲ್ಕು ವರ್ಷಕ್ಕೆ ನಲವತ್ತಮೂರು ಸಾವಿರದ ಇನ್ನೂರು. ಆಗಲೇ ಖರ್ಚಾಗಿ ಹೋಗಿರುವುದು. ಸೇವಂತಿ ಆ ಸಂಖ್ಯೆಯನ್ನೇ ನೋಡುತ್ತ ಕೂತಳು. ಆಮೇಲೆ ಪೆನ್ನು ಕಿತ್ತುಕೊಂಡು ಆ ಸಾಲಿನಲ್ಲೇ ತಾನೂ ಬರೆದಳು. ಅಣ್ಣನ ಮಗನ ಮದುವೆಗೆ ಊರಿಗೆ ಹೋಗದೆ ಉಳಿದದ್ದು, ಬಸ್ಸಿನ ಹದಿನೆಂಟು ತಾಸಿಗೆ ಹೆದರಿ. ನಿಖಿತಾಳ ಕಾಲೇಜಿನ ಕಾರ್ಯಕ್ರಮದಲ್ಲಿ ಅರ್ಧಕ್ಕೆ ಎದ್ದು ಬಂದದ್ದು. ಕೊನೆಗೆ 'ಚಾಪೆ' ಎಂದು ಒಂದೇ ಶಬ್ದ ಬರೆದು, ಅದರ ಮುಂದೆ ಏನೂ ಬರೆಯಲಾಗದೆ ಅಳತೊಡಗಿದಳು. ನಾನು ಎದ್ದು ಹೋಗಿ ಚಹಾ ಇಟ್ಟೆ.

ಟೇಪು ಎಂದು ತೀರ್ಮಾನವಾಯಿತು. ಎಲ್ಲಿ ಎಂಬುದು ಉಳಿದಿತ್ತು. ಚೆಂಬೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಡಿಮೆಗೆ ಆಗುತ್ತದೆ ಎಂದು ಯಾರೋ ಹೇಳಿದರು. ನನಗೆ ಆ ದಿನ ಹಲ್ಲು ಕೀಳಿಸುವುದಿತ್ತು. ಸೇವಂತಿ ಒಬ್ಬಳೇ ಹೋಗಿ, ಡಾಕ್ಟರರನ್ನು ಕಂಡು, ಕೌಂಟರಿನಲ್ಲಿ ರೇಟು ಮಾತಾಡಿಕೊಂಡು ಗೆದ್ದವಳ ಮುಖ ಹೊತ್ತು ಬಂದಳು.

"ಅರವತ್ತೆಂಟು ಅಂದ್ರು. ಅರವತ್ತೆರಡಕ್ಕೆ ಇಳಿಸಿದೆ."

ನನ್ನ ದವಡೆಯಲ್ಲಿ ಹತ್ತಿ ತುರುಕಿತ್ತು. "ಎಲ್ಲಾ ಕೂಡೇನ?" ಎಂದು ಹೇಗೋ ಕೇಳಿದೆ.

"ಎಲ್ಲ ಸೇರಿ. ಸಬ್ ಮಿಲಾಕೆ ಅಂತ ಮೂರು ಸಲ ಕೇಳಿದ್ದೇನೆ. ರೂಮು, ಡಾಕ್ಟ್ರು, ಮದ್ದು, ಆಪರೇಶನ್ ಕೋಣೆ, ಎಲ್ಲ."

ಗಂಡನಿಗೆ ಹೇಳಲು ಸುಳ್ಳೊಂದು ಬೇಕಿತ್ತಲ್ಲ. ಟೀಚರ್ ಜೊತೆ ಎರಡು ದಿನ ಶಿರ್ಡಿಗೆ ಹೋಗಿ ಬರುತ್ತೇನೆ ಎಂದಳು. ಸದಾನಂದ ಪಾಪ, ಹುಂಡಿಗೆ ಹಾಕು ಎಂದು ಐನೂರು ರೂಪಾಯಿ ಕೊಟ್ಟ, ಬುತ್ತಿಗೆ ಪುಳಿಯೋಗರೆ ಕಟ್ಟಿಸಿದ. ಆ ಪುಳಿಯೋಗರೆ ನನ್ನ ಚೀಲದಲ್ಲಿತ್ತು. ಸೇವಂತಿ ರಾತ್ರಿಯಿಂದ ನೀರೂ ಕುಡಿಯದೆ ಉಪವಾಸ, ಆಪರೇಶನ್ನಿಗೆ ಹಾಗೇ ಬರಬೇಕಂತೆ. ಟ್ಯಾಕ್ಸಿಯಲ್ಲಿ ಬುತ್ತಿಯ ವಾಸನೆ ಹೊಡೆದು ಅವಳು ದಾರಿಯುದ್ದಕ್ಕೂ ನನ್ನನ್ನೇ ಬೈದಳು.

ಎಂಟೂವರೆಗೆ ನರ್ಸಿಂಗ್ ಹೋಮ್ ತಲುಪಿದೆವು. ಕೌಂಟರಿನ ಹಿಂದೆ ಕನ್ನಡಕದ ಕ್ಲರ್ಕ್ ಒಬ್ಬ ಕೂತಿದ್ದ. ಭಿಶಿಯ ಎಂಬತ್ತರಲ್ಲಿ ರಕ್ತಪರೀಕ್ಷೆ, ಇಸಿಜಿ, ಸೋನೋಗ್ರಫಿ ಎಂದು ಏಳೂವರೆ ಸಾವಿರ ಆಗಲೇ ಹೋಗಿತ್ತು. ಸೇವಂತಿ ಅರವತ್ತೆರಡು ಸಾವಿರ ಎಣಿಸಿ ಕೊಟ್ಟಳು. ಕ್ಲರ್ಕ್ ರಸೀದಿ ಹರಿದು ಕೊಟ್ಟು, ಇನ್ನೊಂದು ಚೀಟಿ ಮುಂದಿಟ್ಟ. "ಟೇಪ್ ಕಾ ಅಲಗ್. ಛಬ್ಬೀಸ್ ಹಜಾರ್ ಪಾಂಚ್ ಸೌ. ನೀಚೆ ಮೆಡಿಕಲ್ ಸೇ ಲೇಕೆ ಆನಾ."

"ಅಲಗ್ ಅಂದ್ರೆ?" ಸೇವಂತಿ ನನ್ನ ಮುಖ ನೋಡಿದಳು.

"ಟೇಪಿಗೆ ಬ್ಯಾರೆ ಬಿಲ್ಲಂತವಾ, ಇಪ್ಪತ್ತಾರೂವರಿ ಸಾವಿರ" ಎಂದೆ.

ಅವಳು ಕೌಂಟರಿನ ಮೇಲೆ ಕೈಯೂರಿದಳು. ಟೇಪಿನ ಆಪರೇಶನ್ನಿಗೆ ಟೇಪು ಬೇರೆ ಎಂದರೆ ಏನರ್ಥ, ಮೂರು ಸಲ ಕೇಳಿದ್ದೆನಲ್ಲ ಎಂದು ಹಿಂದಿ, ಮರಾಠಿ, ತುಳು ಎಲ್ಲ ಸೇರಿಸಿ ಜಗಳ ತೆಗೆದಳು. ಕ್ಲರ್ಕ್ ತಣ್ಣಗೆ, ನೀವು ಟೇಪಿನ ಬಗ್ಗೆ ಕೇಳಲೇ ಇಲ್ಲ, ಕಂಪನಿ ಕಂಪನಿಗೆ ರೇಟು ಬೇರೆ, ಎಲ್ಲ ಕಡೆಯೂ ಹೀಗೇ ಎಂದ. ನಾನು ಅವಳ ಕಡೆ ತಿರುಗಿದೆ. "ಮೂರ ಸಲ ಕೇಳಿದಿ, ಟೇಪ ಕೂಡಿತೇನು ಅಂತ ಒಂದ ಸಲ ಕೇಳಾಕ ಏನಾಗಿತ್ತ ನಿನಗ ಧಾಡಿ?"

"ಟೀಚರ್," ಅವಳ ದನಿ ಸಣ್ಣದಾಯಿತು. "ಇಡ್ಲಿ ಎಷ್ಟು ಅಂತ ಕೇಳಿದವ್ರು ಸಾಂಬಾರ್ ಎಷ್ಟು ಅಂತ ಕೇಳ್ತಾರಾ? ಸಾಂಬಾರ್ ಇಲ್ಲದೆ ಇಡ್ಲಿ ಕೊಟ್ಟದ್ದು ಉಂಟಾ ನಾವು ಯಾವತ್ತಾದ್ರೂ?"

ಇಪ್ಪತ್ತೇಳು ವರ್ಷ ಉಡುಪಿ ಹೋಟೆಲಿನಲ್ಲಿ ಕಳೆದವಳಿಗೆ ಅದು ಹೊಳೆದೇ ಇರಲಿಲ್ಲ. ಸಾಂಬಾರು, ಚಟ್ನಿ ಕೇಳಿದಷ್ಟು ಸಲ ಬಡಿಸುವುದು ಅವಳ ಪ್ರಪಂಚದ ನಿಯಮ. ಎಸಿಯ ಲೆಕ್ಕ ಹಿಡಿದ ಜಾಣೆ ಸಾಂಬಾರಿನಲ್ಲಿ ಮುಗ್ಗರಿಸಿದ್ದಳು.

ಅವಳ ಪರ್ಸಿನಲ್ಲಿ ಉಳಿದದ್ದು ಹತ್ತೂವರೆ ಸಾವಿರ. ಇನ್ನೂ ಹದಿನಾರು ಬೇಕು. ನನ್ನ ಪೆನ್ಶನ್ ಬರಲು ನಾಲ್ಕು ದಿನವಿತ್ತು, ಬ್ಯಾಂಕಿನಲ್ಲಿ ಮೂರು ಸಾವಿರವೂ ಇರಲಿಲ್ಲ. ಸೇವಂತಿ ಅರವತ್ತೆರಡನ್ನು ವಾಪಸು ಕೊಡಿ ಎಂದಳು. ಕ್ಲರ್ಕಿಗೂ ಪಾಪ ಅನಿಸಿರಬೇಕು, "ಸೋಚ್ ಲೋ ಆಂಟಿ, ಗ್ಯಾರಾ ಬಜೆ ಕಾ ನಂಬರ್ ಹೈ" ಎಂದು ಹನ್ನೊಂದು ಗಂಟೆಯ ಸರತಿಯನ್ನು ನೆನಪಿಸಿದ. ಅವಳು ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ನಡೀರಿ ಟೀಚರ್. ಮುಂದಿನ ಭಿಶಿ ಬಂದಾಗ ನೋಡುವ."

"ಮುಂದಿನ ಭಿಶಿ ಬರಾಕ ಎಂಟ ತಿಂಗಳ ಐತಿ."

"ಎಂಟು ತಿಂಗಳೇ ಅಲ್ವಾ."

ಈಗ ಹೋದರೆ ಇವಳು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲ ತನಕ ಹೋದವಳ ಚೀಲ ಹಿಡಿದು ಜಗ್ಗಿ ಬೆಂಚಿನ ಮೇಲೆ ಕೂರಿಸಿದೆ. ಅವಳು ನೋಡುತ್ತಿದ್ದಂತೆಯೇ ಸದಾನಂದನಿಗೆ ಫೋನು ಹಚ್ಚಿದೆ. ಬೇಡ ಟೀಚರ್, ಬೇಡ ಎಂದು ಅವಳು ನನ್ನ ಮುಂಗೈ ಉಗುರು ಮೂಡುವಷ್ಟು ಹಿಡಿದಳು. ನಾನು ಬಿಡಲಿಲ್ಲ.

"ಸದಾನಂದಾ, ನಾ ಕಾಶವ್ವ ಟೀಚರ. ಇಲ್ಲಿ ಕೇಳಪಾ. ನಿನ್ನ ಹೇಂತಿ ದವಾಖಾನ್ಯಾಗ ಅದಾಳ. ಸಾಯಾಕ ಹತ್ತಿಲ್ಲ, ಗಾಬರಿ ಆಗಬ್ಯಾಡ. ಹದಿನಾರ ಸಾವಿರ ರೂಪಾಯಿ ತಗೊಂಡ ಚೆಂಬೂರಿಗೆ ಬಾ. ಪಾಲಿಸಿ ಕಾಗದಾನೂ ತಗೊಂಡ ಬಾ, ಇಲ್ಲಿ ಕೌಂಟರದವಗ ತೋರಿಸಿ ನೋಡೂಣು."

ಮೂವತ್ತೈದು ನಿಮಿಷ ಸೇವಂತಿ ನನಗೆ ಬೆನ್ನು ತಿರುಗಿಸಿ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಒಮ್ಮೆ ಕೆಮ್ಮು ಬಂತು, ಬಾಯಿ ಮುಚ್ಚಿ ಕಾಲು ಬಿಗಿ ಹಿಡಿದು ತಡೆದಳು. ಎಲ್ಲಿ ಇವರ ಸಂಸಾರಕ್ಕೆ ನಾನೇ ಬೆಂಕಿ ಇಟ್ಟೆನೋ ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ.

ಸದಾನಂದ ಗಲ್ಲಾದಿಂದ ಎದ್ದ ಹಾಗೆಯೇ ಬಂದಿದ್ದ. ಕಾಲಲ್ಲಿ ಹವಾಯಿ ಚಪ್ಪಲಿ, ಕಿವಿಯ ಮೇಲೆ ಪೆನ್ನು. ಕೈಯಲ್ಲಿ ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟಿನ ಕಟ್ಟುಗಳು. ಕಪಾಟಿನ ಕೀಲಿ ಹೆಂಡತಿಯ ಸೊಂಟದಲ್ಲೇ ಇದ್ದುದರಿಂದ ಪಾಲಿಸಿ ಸಿಕ್ಕಿರಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಶಿರ್ಡಿ ಚೆಂಬೂರಿಗೆ ಬಂದದ್ದು ಯಾವಾಗ?" ಎಂದ. "ಎಂತ ಆಗಿದೆ ನಿಂಗೆ? ಕ್ಯಾನ್ಸರಾ?"

"ಅಲ್ಲ."

"ಮತ್ತೆ?"

ಸೇವಂತಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ನಾನು ಹೇಳಿಬಿಡಬಹುದಿತ್ತು, ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಅದು ಅವಳೇ ಹೇಳಬೇಕಾದ ಮಾತು.

"ಕೆಮ್ಮಿದ್ರೆ ಉಚ್ಚೆ ಹೋಗ್ತದೆ ನಂಗೆ" ಎಂದಳು. "ಸೀನಿದ್ರೂ. ನಾಲ್ಕು ವರ್ಷ ಆಯ್ತು. ಬೆನ್ನು ನೋವು ಅಂದದ್ದು ಸುಳ್ಳು. ನಿಮಗೆ ವಾಸನೆ ಬರ್ತದೇನೋ ಅಂತ ಹೊರಗೆ ಮಲಗಿದ್ದು."

ಸದಾನಂದ ಬೆಂಚಿನ ಮೇಲೆ ಕುಸಿದು ಕೂತ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಬೈಯುತ್ತಾನೆ ಎಂದುಕೊಂಡೆ.

"ನಂದು ಅಂತ ಎಣಿಸಿದ್ದೆ ಮಾರಾಯ್ತಿ" ಎಂದ.

"ಎಂತ ನಿಮ್ದು?"

"ವಾಸನೆ. ಇಡೀ ದಿನ ಹೋಟೆಲಲ್ಲಿ ಕೂತು ಇಂಗು, ಈರುಳ್ಳಿ, ಎಣ್ಣೆ. ನಿಂಗೆ ಹೇಸಿಗೆ ಆಗಿ ಎದ್ದು ಹೋದದ್ದು ಅಂತ. ನಾಲ್ಕು ವರ್ಷದಿಂದ ರಾತ್ರೆ ಬಂದು ಇನ್ನೊಂದು ಸಲ ಮೀಯ್ತಿದ್ದೇನೆ ನಾನು. ಚಳಿಗಾಲದಲ್ಲೂ. ಹಸಿ ಈರುಳ್ಳಿ ತಿನ್ನೂದು ಬಿಟ್ಟೆ. ಆ ನಿಖಿತಾಳ ಸೆಂಟು ಕದ್ದು ಹಾಕ್ಕೊಂಡೆ."

"ನನ್ನತ್ರ ಒಂದು ಮಾತು ಕೇಳ್ಬಾರದಿತ್ತಾ?"

"ನೀನು ಹೇಳಿದ್ಯಾ?"

ಕ್ಲರ್ಕ್ ಬರೆಯುವುದನ್ನು ನಿಲ್ಲಿಸಿದ್ದ. ಭಾಷೆ ಗೊತ್ತಿಲ್ಲದಿದ್ದರೂ ಏನೋ ಗೊತ್ತಾಗಿತ್ತು ಅವನಿಗೆ. ಸೇವಂತಿ ಎದ್ದು ಗಂಡನ ಹತ್ತಿರ ಹೋದಳು. ಅಷ್ಟು ಜನರ ಎದುರಿಗೇ ಅವನ ಅಂಗಿಯ ಕಾಲರ್ ಹಿಡಿದು, ಬಗ್ಗಿ, ಕುತ್ತಿಗೆಯ ಹತ್ತಿರ ಮೂಗಿಟ್ಟು ಉದ್ದಕ್ಕೆ ಉಸಿರೆಳೆದಳು. ಸದಾನಂದ ಹೆದರಿಕೊಂಡ ಹುಡುಗನ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದ.

"ಇಂಗಿನ ವಾಸನೆ ಹೋಗ್ಲೇ ಇಲ್ಲ ನಿಮ್ದು" ಎಂದಳು. "ಇರ್ಲಿ, ಅದು ಹೋಗುದು ಬೇಡ. ಏಳಿ, ಸಹಿ ಹಾಕಿ. ನಂಗೆ ಹಸಿವಾಗ್ತದೆ."

ಅವನು ಎದ್ದು ಕೌಂಟರಿನ ಮೇಲೆ ಚೀಲ ಸುರಿದ. ಕ್ಲರ್ಕ್ ಒಪ್ಪಿಗೆಪತ್ರ ಮುಂದಿಟ್ಟ. ಸದಾನಂದ ಕಿವಿಯ ಮೇಲಿದ್ದ ಪೆನ್ನು ತೆಗೆದು, ರೋಗಿಗೆ ಏನು ಸಂಬಂಧ ಎಂಬ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ, 'ಗಂಡ' ಎಂದು ಬರೆದ.